ಗೆರೆ ನೆಟ್ಟಗಿದೆಯಾ, ರೀ?

ನಾನು ದರ್ಜಿ. ಪ್ಯಾಂಟು, ಕೋಟು, ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತೇನೆ. ನನ್ನ ಹೆಂಡತಿ ಫೋಟೋಗ್ರಾಫರ್. ಅವಳು ಮೊದಲ ಸಲ ನನ್ನ ಅಂಗಡಿಗೆ ಬಂದದ್ದು ಒಂದು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು. ನಾನು ಬಟ್ಟೆಯ ಮೇಲೆ ಚಾಕಿನಿಂದ ಗೆರೆ ಎಳೆಯುವುದನ್ನು ಕೌಂಟರಿನ ಆಚೆಯಿಂದ ನೋಡಿ, ‘ಸ್ಕೇಲಿಲ್ಲದೆ ಇಷ್ಟು ನೆಟ್ಟಗೆ ಎಳೀತೀರಲ್ಲ’ ಅಂದಳು. ಇಪ್ಪತ್ತಾರು ವರ್ಷವಾಯಿತು. ಅವಳು ನನ್ನನ್ನು ಹೊಗಳಿದ್ದು ಅದೇ ಮೊದಲು. ಅದೇ ಕೊನೆ ಎಂದರೆ ಅವಳು ಒಪ್ಪುವುದಿಲ್ಲ, ಆದರೆ ಎರಡನೆಯದು ಯಾವುದೆಂದು ಅವಳಿಗೂ ನೆನಪಿಲ್ಲ.

ಕೆಳಗೆ ಅಂಗಡಿ, ಮೇಲೆ ಮನೆ. ಮಕ್ಕಳಾಗಲಿಲ್ಲ. ಎರಡು ಬೀದಿ ಆಚೆ ನನ್ನ ಅಕ್ಕನಿದ್ದಾಳೆ. ಭಾವ ತೀರಿಕೊಂಡ ಮೇಲೆ ಅವಳಿಗೆ ನಮ್ಮ ಮನೆಯ ಉಸಾಬರಿಯೇ ಕೆಲಸ.

ಹೆಂಡತಿ ತೆಗೆಯುತ್ತಿದ್ದದ್ದು ಕಟ್ಟಡಗಳ ಫೋಟೋ. ಕಟ್ಟಡ ಮುಗಿದು, ಬಣ್ಣ ಒಣಗಿ, ಜನ ಬಂದು ಕುರ್ಚಿ ಎಳೆದಾಡಿ ಗೋಡೆಗೆ ಮೊಳೆ ಹೊಡೆಯುವ ಮೊದಲು ಒಂದು ವಾರ ಹತ್ತು ದಿನ ಸಿಗುತ್ತದಲ್ಲ, ಆಗ ಆರ್ಕಿಟೆಕ್ಟ್‌ಗಳು ಅವಳನ್ನು ಕರೆಸುತ್ತಿದ್ದರು. ಭಾನುವಾರ ಬೆಳಿಗ್ಗೆ ಒಂದು ಛಾಪಖಾನೆಯ ಮೇಲಿನ ಕೋಣೆಯಲ್ಲಿ ಹತ್ತು ಹನ್ನೆರಡು ಜನಕ್ಕೆ ಪಾಠ ಹೇಳುತ್ತಿದ್ದಳು. ಮೊದಲ ನಾಲ್ಕು ವಾರ ಬಣ್ಣದ ಮಾತಿಲ್ಲ, ಬೆಳಕಿನ ಮಾತಿಲ್ಲ, ಬರೀ ಗೆರೆ. ಹಾಗಾಗಿ ಅವಳಿಗೆ ಗೆರೆ ಮೇಡಂ ಎಂದೇ ಹೆಸರು ಬಿತ್ತು.

ಆ ಪಾಠ ನನಗೆ ಬಾಯಿಪಾಠವಾಗಿದೆ. ಮಲಗಿದ ಗೆರೆ ನೋಡುವವನ ಮನಸ್ಸನ್ನೂ ಮಲಗಿಸುತ್ತದೆ. ನಿಂತ ಗೆರೆ ನೋಡುವವನ ಬೆನ್ನು ನೇರ ಮಾಡಿಸುತ್ತದೆ. ಓರೆ ಗೆರೆ ಚಾಡಿಕೋರನಿದ್ದ ಹಾಗೆ, ಅದು ಕಾಲಿಟ್ಟಲ್ಲಿ ಏನೋ ಒಂದು ಆಗಿಯೇ ತೀರುತ್ತದೆ. ಬಾಗಿದ ಗೆರೆಗೆ ಅವಸರವಿಲ್ಲ. ಇವೆಲ್ಲಕ್ಕಿಂತ ದೊಡ್ಡದು ಫೋಟೋದ ಅಂಚಿನಿಂದ ಒಳಕ್ಕೆ ಹೊರಟ ಗೆರೆ. ಅದು ನೋಡುವವನ ಕಣ್ಣನ್ನು ಕೈಹಿಡಿದು ಕರೆದುಕೊಂಡು ಹೋಗಬೇಕು, ಹೋದಲ್ಲಿ ಏನಾದರೂ ಇರಬೇಕು. ಊಟಕ್ಕೆ ಕರೆದು ಬೀಗ ಹಾಕಿದ ಮನೆ ತೋರಿಸಿದರೆ ಅದು ಮೋಸ ಎನ್ನುತ್ತಿದ್ದಳು.

ಅಂಗಡಿಯ ಗೋಡೆಯಲ್ಲಿ ಅವಳದೊಂದು ಫೋಟೋ ಇತ್ತು. ಆಸ್ಪತ್ರೆಯ ಉದ್ದನೆ ಓಣಿ, ಗೋಡೆಗುಂಟ ರೋಗಿಗಳು ಹಿಡಿದುಕೊಂಡು ನಡೆಯುವ ಮರದ ಹಿಡಿ. ಆ ಹಿಡಿ ಕೆಳಗಿನ ಎಡಮೂಲೆಯಿಂದ ಹೊರಟು ಸಣ್ಣದಾಗುತ್ತ ಸಣ್ಣದಾಗುತ್ತ ತುದಿಯ ಬೆಂಚಿನಲ್ಲಿ ಕೂತ ಒಬ್ಬ ಹೆಂಗಸಿನ ಭುಜಕ್ಕೆ ಹೋಗಿ ಮುಟ್ಟುತ್ತದೆ. ಕಡ್ಲೆಕಾಳಿನಷ್ಟು ಹೆಂಗಸು. ಆದರೂ ಅಂಗಡಿಗೆ ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು, ‘ಯಾರಿದು, ಯಾಕೆ ಕೂತಿದಾಳೆ?’ ಎಂದು.

ಅವಳಿಗೆ ಐವತ್ತೆರಡಾದ ವರ್ಷ ಒಂದು ಹೊಸ ಗ್ರಂಥಾಲಯದ ಕೆಲಸ ಬಂತು. ಓದುವ ಕೋಣೆಯಲ್ಲಿ ಎರಡು ಸಾಲು ಕಂಬ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು ಬಲಗಣ್ಣನ್ನು ಅದರ ಕಿಂಡಿಗೆ ಹಚ್ಚಿ ನೋಡಿದಾಗ ಮೂರನೇ ಕಂಬ ಹೊಟ್ಟೆ ಬಿಟ್ಟಂತೆ ಕಂಡಿತಂತೆ. ಇವಳಿಗೆ ಸಿಟ್ಟು ಬಂತು. ಮೇಸ್ತ್ರಿಯನ್ನು ಕರೆಸಿ, ಇದನ್ನು ಯಾರು ಕಟ್ಟಿದ್ದು, ಕಣ್ಣು ಕಟ್ಟಿಕೊಂಡು ಕಟ್ಟಿದರಾ ಎಂದು ಕೇಳಿದಳು. ಆ ಮನುಷ್ಯ ಏಣಿ ತಂದು, ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ಕಂಬದ ಮೇಲಿನಿಂದ ಇಳಿಬಿಟ್ಟು, ಅದು ಅಲ್ಲಾಡುವುದು ನಿಲ್ಲುವವರೆಗೆ ಕಾದು, ಕೈತೋರಿಸಿದ. ದಾರಕ್ಕೂ ಕಂಬಕ್ಕೂ ನಡುವೆ ಮೇಲೆ ಒಂದು ಬೆರಳಿನಷ್ಟು ಜಾಗ, ಮಧ್ಯದಲ್ಲೂ ಅಷ್ಟೇ, ಕೆಳಗೂ ಅಷ್ಟೇ.

ಸಂಜೆ ಊಟದ ಹೊತ್ತಿಗೆ ನಗುತ್ತಲೇ ಇದನ್ನು ನನಗೆ ಹೇಳಿದಳು. ನಾನೂ ನಕ್ಕೆ. ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂದೆ. ಅವಳು ಎದ್ದು ತಟ್ಟೆ ತೊಳೆಯಲು ಹೋದಳು. ಗಂಡ ಹೆಂಡಿರ ನಡುವೆ ಇಂಥ ಮಾತು ದಿನಕ್ಕೆ ನಾಲ್ಕು ಬರುತ್ತವೆ, ಹೋಗುತ್ತವೆ. ಇದೂ ಹೋಯಿತು ಎಂದುಕೊಂಡೆ. ಅವಳು ನನಗೆ ಹೇಳಿದ್ದು ಅರ್ಧ ಕತೆ. ಮೇಸ್ತ್ರಿ ಏಣಿ ಹೊತ್ತುಕೊಂಡು ಹೋದ ಮೇಲೆ ಅವಳು ಮತ್ತೆ ಕಿಂಡಿಯಲ್ಲಿ ನೋಡಿದ್ದಳು. ನಾಲ್ಕನೇ ಕಂಬದ ಕಡೆ ನೋಡಿದರೆ ಅದಕ್ಕೂ ಹೊಟ್ಟೆ ಬಂದಿತ್ತು. ಐದನೆಯದಕ್ಕೂ. ಎಡಗಣ್ಣಿಟ್ಟು ನೋಡಿದರೆ ಎಲ್ಲವೂ ಸಿಪಾಯಿಗಳ ಹಾಗೆ ನೆಟ್ಟಗೆ ನಿಂತಿದ್ದವು. ಆ ಅರ್ಧವನ್ನು ಅವಳು ಯಾರಿಗೂ ಹೇಳಲಿಲ್ಲ. ಅಂದಿನಿಂದ ಎಡಗಣ್ಣಿನಲ್ಲಿ ಫೋಟೋ ತೆಗೆಯತೊಡಗಿದಳು.

ಯಾಕೆ ಹೇಳಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಕೆಲಸ ಜಾಸ್ತಿಯಿತ್ತು, ಇವತ್ತು ನಾಳೆ ಅನ್ನುವುದರಲ್ಲಿ ದಿನ ಹೋಯಿತು ಎನ್ನುತ್ತಾಳೆ. ಒಂದೇ ಒಂದು ಸಲ ಬೇರೆ ಉತ್ತರ ಕೊಟ್ಟಳು. ಡಾಕ್ಟರ ಹತ್ತಿರ ಹೋದರೆ ಅದಕ್ಕೊಂದು ಹೆಸರಿಡುತ್ತಾರೆ, ಹೆಸರಿಟ್ಟ ಮೇಲೆ ಅದು ಮನೆಯವರ ಹಾಗೆ ಬಂದು ಕೂತುಬಿಡುತ್ತದೆ ಎಂದು ಹೆದರಿದ್ದಳಂತೆ.

ಅವಳನ್ನು ಮಾತ್ರ ಅಂದು ಪ್ರಯೋಜನವಿಲ್ಲ. ನನಗೆ ಹತ್ತಿರದ್ದು ಕಾಣುವುದು ಕಷ್ಟ. ಎಷ್ಟೋ ವರ್ಷದಿಂದ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿ ಕೊಡುತ್ತಿದ್ದವಳು ಅವಳೇ. ಗ್ರಂಥಾಲಯದ ಕೆಲಸ ಮುಗಿದ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ಕಿಟಕಿಯ ಹತ್ತಿರ ಕೂತವಳು ಏಳಲೇ ಇಲ್ಲ. ದಾರದ ತುದಿ ಸೂಜಿಯ ಪಕ್ಕಕ್ಕೆ ಹೋಗುತ್ತಿತ್ತು, ಮತ್ತೆ ಪಕ್ಕಕ್ಕೆ. ಕೊನೆಗೆ ಬಲಗಣ್ಣು ಮುಚ್ಚಿಕೊಂಡು ಪೋಣಿಸಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ‘ವಯಸ್ಸಾಯ್ತು ಬಿಡು, ಇಬ್ರೂ ಒಂದೇ ದೋಣಿ’ ಅಂದೆ. ಮರುವಾರ ದಾರ ಪೋಣಿಸುವ ಸಣ್ಣ ತಗಡಿನ ಸಾಧನವೊಂದನ್ನು ಕೊಂಡು ತಂದಳು. ಒಳ್ಳೆಯದೇ ಆಯಿತು ಎಂದುಕೊಂಡೆ. ಕಣ್ಣು ಮುಚ್ಚಿದ್ದು ಯಾಕೆ ಎಂದು ಕೇಳಲಿಲ್ಲ.

ಏಳು ತಿಂಗಳು ಹೀಗೆ ಕಳೆಯಿತು.

ಅವಳ ಭಾನುವಾರದ ಪಾಠಕ್ಕೆ ಬರುವವರಲ್ಲಿ ಒಬ್ಬಳು ನರ್ಸು. ಆಸ್ಪತ್ರೆಯ ಡ್ಯೂಟಿ ಮುಗಿಸಿ ನಿದ್ದೆಗಣ್ಣಿನಲ್ಲೇ ಬಂದು ಮುಂದಿನ ಕುರ್ಚಿಯಲ್ಲಿ ಕೂರುತ್ತಿದ್ದಳು. ಎಲ್ಲರಿಗಿಂತ ಕಡಿಮೆ ಮಾತು, ಎಲ್ಲರಿಗಿಂತ ಒಳ್ಳೆ ಕೈ. ಒಂದು ಮಂಗಳವಾರ ಅವಳು ಸಮವಸ್ತ್ರದ ತೋಳು ಸಣ್ಣ ಮಾಡಿಸುವ ನೆಪದಲ್ಲಿ ನನ್ನ ಅಂಗಡಿಗೆ ಬಂದಳು. ಅಳತೆ ಕೊಟ್ಟ ಮೇಲೂ ಹೋಗಲಿಲ್ಲ.

‘ಅಣ್ಣ, ಮೇಡಂ ಕಣ್ಣು ತೋರಿಸಿದಾರಾ?’

‘ಯಾಕಮ್ಮ?’

‘ಮೊನ್ನೆ ಒಬ್ರು ನೆಲದ ಟೈಲ್ಸಿನ ಫೋಟೋ ತಂದಿದ್ರು. ಸುಮ್ನೆ ಚೌಕ ಚೌಕ, ಅಷ್ಟೇ. ಮೇಡಂ ಅದನ್ನ ಮುಖದ ಹತ್ರ ಹಿಡ್ಕೊಂಡು ನೋಡಿ, ನಡುವೆ ಗೆರೆಗಳು ಸುಳಿ ತಿರುಗ್ದಂಗಿವೆ, ಇದನ್ನ ಹೇಗೆ ತೆಗೆದ್ರಿ ಅಂತ ಹೊಗಳಿದ್ರು. ಅಲ್ಲಿ ಸುಳಿ ಇರ್ಲಿಲ್ಲ ಅಣ್ಣ. ಎಲ್ರೂ ಹೌದು ಮೇಡಂ, ಹೌದು ಮೇಡಂ ಅಂದ್ರು. ನಾನೂ ಅಂದೆ.’

ಕತ್ತರಿ ಕೆಳಗಿಟ್ಟು ಮೇಲೆ ಹೋದೆ. ಅವಳು ತರಕಾರಿ ಹೆಚ್ಚುತ್ತಿದ್ದಳು. ಕೇಳಿದೆ. ಕೈ ನಿಲ್ಲಿಸದೆ, ಏಳು ತಿಂಗಳಿಂದ ಎಂದಳು. ಹಾಲಿನ ಪ್ಯಾಕೆಟ್ಟು ಯಾವಾಗ ತಂದದ್ದು ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು. ನಾನು ಕೂಗಾಡಿದೆ. ನಾನೇನು ಸತ್ತುಹೋಗಿದ್ದೆನಾ, ಒಂದು ಮಾತು ಹೇಳಲು ಬಾಯಿಗೇನಾಗಿತ್ತು ಎಂದೆಲ್ಲ ಅಂದೆ. ಅವಳು ಚಾಕು ಕೆಳಗಿಟ್ಟಳು.

‘ಸೂಜಿ ವಿಷಯ ನಿಮಗೂ ಗೊತ್ತಿತ್ತಲ್ಲ’ ಅಂದಳು.

ನಾನು ಕೆಳಗೆ ಹೋಗಿ ಅಂಗಡಿಯ ಬಾಗಿಲೆಳೆದು, ಅವಳನ್ನು ಕಣ್ಣಿನ ಆಸ್ಪತ್ರೆಗೆ ಹೊರಡಿಸಿದೆ.

ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನವಳು. ಔಷಧಿ ಹಾಕಿ, ದೀಪ ಬಿಟ್ಟು ನೋಡಿ, ಕೊನೆಗೆ ಒಂದು ಹಾಳೆ ಕೊಟ್ಟಳು. ಅಡ್ಡ ಉದ್ದ ಗೆರೆ ಎಳೆದ ಚೌಕುಳಿ, ನಟ್ಟನಡುವೆ ಒಂದು ಚುಕ್ಕೆ. ಒಂದು ಕಣ್ಣು ಮುಚ್ಚಿಕೊಂಡು ಚುಕ್ಕೆಯನ್ನೇ ನೋಡುತ್ತ ಸುತ್ತಲಿನ ಗೆರೆ ಹೇಗೆ ಕಾಣುತ್ತವೆಂದು ಹೇಳಬೇಕು. ಬೇರೆಯವರಾದರೆ ಸೊಟ್ಟಗೆ ಎಂದು ಮುಗಿಸುತ್ತಿದ್ದರು. ನನ್ನ ಹೆಂಡತಿ ಪಾಠ ಹೇಳುವಂತೆ ವಿವರವಾಗಿ ಹೇಳಿದಳು. ಚುಕ್ಕೆಯ ಎಡಕ್ಕಿರುವ ಮೂರು ನಿಂತ ಗೆರೆ ಒಳಕ್ಕೆ ಬಾಗಿವೆ. ಕೆಳಗಿನ ಎರಡು ಮಲಗಿದ ಗೆರೆ ನಡುವೆ ತುಂಡಾಗಿವೆ. ಚುಕ್ಕೆ ಇರಬೇಕಾದಲ್ಲಿ ಮಸಿ ಒರೆಸಿದಂಥ ಕಲೆ. ಡಾಕ್ಟರು ಬರೆದುಕೊಳ್ಳುತ್ತಿದ್ದಳು. ಎಷ್ಟು ದಿನದಿಂದ ಎಂದು ಕೇಳಿದಳು. ಇವಳು ಹೇಳಿದಳು. ಡಾಕ್ಟರ ಪೆನ್ನು ನಿಂತಿತು.

ಕಣ್ಣಿನ ಹಿಂಬದಿಯ ಪರದೆಯಲ್ಲಿ, ನಡುಮಧ್ಯೆ, ನೀರು ಸೋರಿ ಪರದೆ ಉಬ್ಬಿದೆಯಂತೆ. ಗೋಡೆಯೊಳಗೆ ನೀರು ಇಳಿದರೆ ಬಣ್ಣ ಉಬ್ಬುವುದಿಲ್ಲವೇ, ಹಾಗೆ. ಮೊದಲ ಒಂದೆರಡು ತಿಂಗಳಲ್ಲಿ ಬಂದಿದ್ದರೆ ಸೂಜಿಮದ್ದು ಹಿಡಿಯುತ್ತಿತ್ತೇನೋ, ಈಗ ಬಲಗಣ್ಣಿನಲ್ಲಿ ಗಾಯ ಮಾಗಿ ಗಂಟು ಕಟ್ಟಿದೆ. ಎಡಗಣ್ಣಿನಲ್ಲೂ ಶುರುವಾಗಿದೆ. ‘ಅದನ್ನ ಉಳಿಸ್ಕೊಳ್ಳೋಕೆ ನೋಡೋಣ’ ಎಂದಳು ಡಾಕ್ಟರು. ನೋಡೋಣ ಎಂಬ ಮಾತನ್ನು ಆ ಕೋಣೆಯಲ್ಲಿ ಆಡಬಾರದಿತ್ತು ಎಂದು ಅವಳಿಗೇ ಅನ್ನಿಸಿರಬೇಕು, ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದಳು.

ಆಮೇಲೆ ತಿಂಗಳಿಗೊಂದು ಸಲ ಕಣ್ಣಿಗೇ ಸೂಜಿ. ನನ್ನ ಕೈ ಹಿಡಿದುಕೊಳ್ಳುತ್ತಿರಲಿಲ್ಲ, ಕುರ್ಚಿಯ ಕೈ ಹಿಡಿದುಕೊಳ್ಳುತ್ತಿದ್ದಳು. ಚೌಕುಳಿ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ದಿನಾ ಬೆಳಿಗ್ಗೆ ಎಡಗಣ್ಣಿನಲ್ಲಿ ನೋಡಿ, ಎಲ್ಲಿ ಬಾಗಿದೆಯೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದಳು. ಮೊದಲ ತಿಂಗಳು ಗುರುತು ಹೆಸರುಕಾಳಿನಷ್ಟಿತ್ತು. ಎರಡನೇ ತಿಂಗಳೂ ಅಷ್ಟೇ ಇದ್ದದ್ದಕ್ಕೆ ನಾವಿಬ್ಬರೂ ಹೋಟೆಲಿಗೆ ಹೋಗಿ ಊಟ ಮಾಡಿ ಬಂದೆವು. ಅಷ್ಟರಲ್ಲಿ ಅಕ್ಕ ಬಂದು ಸಹಾಯವಾಗಲಿ ಎಂದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೊಳೆದು ಬೇರೆ ಬೇರೆ ಕಡೆ ಇಟ್ಟು ಹೋದಳು. ಹೆಂಡತಿ ಅಭ್ಯಾಸಬಲದಿಂದ ಸಕ್ಕರೆ ಎಂದು ಉಪ್ಪು ಹಾಕಿದ ಚಹಾವನ್ನು ಅಕ್ಕನಿಗೇ ಕೊಟ್ಟಳು. ಅಕ್ಕ ಒಂದೂ ಮಾತಾಡದೆ ಅಷ್ಟೂ ಕುಡಿದು, ಬೀದಿಗೆ ಬಂದು ನನ್ನೆದುರು ಅತ್ತಳು. ‘ಅವಳಿಗೆ ಹೇಳ್ಬೇಡ, ನನಗೇನೂ ಗೊತ್ತಾಗ್ಲಿಲ್ಲ ಅಂತ ಅಂದ್ಕೊಂಡಿರ್ಲಿ’ ಅಂದಳು.

ಮೂರನೇ ತಿಂಗಳು ಈಜುಕೊಳದ ಕೆಲಸ ಬಂತು.

ಅವಳಿಗೆ ಅತಿ ಹೆಚ್ಚು ಕೆಲಸ ಕೊಟ್ಟ ಆರ್ಕಿಟೆಕ್ಟ್ ಒಬ್ಬರಿದ್ದಾರೆ. ಮೆತ್ತಗಿನ ಮಾತಿನ, ಎತ್ತರದ ಮನುಷ್ಯ; ನಾನು ಅವರ ಕೋಟು ಹೊಲಿದಿದ್ದೇನೆ. ಚಾವಣಿ ಇರುವ ದೊಡ್ಡ ಈಜುಕೊಳವೊಂದನ್ನು ಅವರು ಕಟ್ಟಿಸುತ್ತಿದ್ದರು. ಎರಡು ವರ್ಷದ ಹಿಂದೆ ಅದರ ನಕ್ಷೆ ನೋಡಿದಾಗಿನಿಂದ ನನ್ನ ಹೆಂಡತಿ ಅದನ್ನೇ ಕನವರಿಸುತ್ತಿದ್ದಳು. ನೀರಿನ ಮೇಲೆ ಹಗ್ಗದ ಎಂಟು ಸಾಲು, ತಳದಲ್ಲಿ ಕಪ್ಪು ಟೈಲ್ಸಿನ ಎಂಟು ಸಾಲು, ಮೇಲೆ ಚಾವಣಿಯಲ್ಲಿ ಮರದ ತೊಲೆಗಳು. ಇಷ್ಟು ಗೆರೆ ಒಂದೇ ಕೋಣೆಯಲ್ಲಿ ಅವಳಿಗೆ ಎಂದೂ ಸಿಕ್ಕಿರಲಿಲ್ಲ. ಫೋನು ಬಂದಾಗ ಒಪ್ಪಿಕೊಂಡಳು. ಕಣ್ಣಿನ ವಿಷಯ ಹೇಳಲಿಲ್ಲ.

‘ನೀವು ನನ್ನ ಜೊತೆ ಬನ್ನಿ’ ಅಂದಳು ನನಗೆ. ‘ಸ್ಕೇಲಿಲ್ಲದೆ ಗೆರೆ ಎಳೆಯೋರು ನೀವು. ನೆಟ್ಟಗಿದೆಯೋ ಇಲ್ವೋ ಅಷ್ಟು ಹೇಳಿದ್ರೆ ಸಾಕು.’

ಅಂಗಡಿ ಮುಚ್ಚಿ ಮೂರು ದಿನ ಹೋದೆ. ಒಳಗೆ ಬಿಸಿ, ಮೂಗಿಗೆ ಔಷಧಿ ನೀರಿನ ವಾಸನೆ. ನಕ್ಷೆ ಅವಳ ತಲೆಯಲ್ಲಿತ್ತು. ಇಷ್ಟು ಹೆಜ್ಜೆ ಮುಂದೆ, ಇಷ್ಟು ಬಲಕ್ಕೆ ಎಂದು ಎಣಿಸಿಕೊಂಡು ಹೋಗಿ ಸ್ಟ್ಯಾಂಡು ಊರುತ್ತಿದ್ದಳು. ಎಡಗಣ್ಣಿನಲ್ಲಿ ನೋಡಿ ತನಗೆ ಎಷ್ಟು ಸಾಧ್ಯವೋ ಅಷ್ಟು ಸರಿಮಾಡಿ ನನ್ನನ್ನು ಕರೆಯುತ್ತಿದ್ದಳು. ಕ್ಯಾಮೆರಾದಲ್ಲೇ ಮಟ್ಟ ತೋರಿಸುವ ಗೆರೆಯೊಂದಿದೆ. ಅದು ಕ್ಯಾಮೆರಾದ ಮಟ್ಟವೇ ಹೊರತು ಚಿತ್ರದ್ದಲ್ಲ ಎಂದು ಅದನ್ನು ಅವಳು ಎಂದೂ ನಂಬಿದವಳಲ್ಲ.

‘ಗೆರೆ ನೆಟ್ಟಗಿದೆಯಾ, ರೀ?’

‘ನೆಟ್ಟಗಿದೆ.’

‘ನಡುವಿನ ಹಗ್ಗ ಎಲ್ಲಿಗೆ ಹೋಗುತ್ತೆ?’

‘ಆಚೆ ಗೋಡೆಗೆ.’

‘ಗೋಡೇಲಿ ಎಲ್ಲಿಗೆ?’

‘ಗೋಡೆಗೆ ಅಂದ್ರೆ ಗೋಡೆಗೆ. ಇನ್ನೆಲ್ಲಿಗೆ ಹೋಗುತ್ತೆ?’

ಅವಳು ಇನ್ನೊಂದು ರೀತಿಯಲ್ಲಿ ಕೇಳುತ್ತಿದ್ದಳು. ಕಣ್ಣು ಮೊದಲು ಎಲ್ಲಿ ನಿಲ್ಲುತ್ತದೆ? ಅಲ್ಲಿಂದ ಎತ್ತ ಜಾರುತ್ತದೆ? ಯಾವುದಾದರೂ ಗೆರೆ ಅಂಚು ದಾಟಿ ಕಣ್ಣನ್ನು ಆಚೆ ಎಳೆದುಕೊಂಡು ಹೋಗುತ್ತಿದೆಯಾ? ನಾನು ಬಟ್ಟೆಯವನು. ಬಟ್ಟೆಯ ಗೆರೆ ಭುಜದಿಂದ ಸೊಂಟಕ್ಕೆ ಬಂದರೆ ಮುಗಿಯಿತು, ಅದು ಯಾರನ್ನೂ ಎಲ್ಲಿಗೂ ಕರೆದುಕೊಂಡು ಹೋಗಬೇಕಾಗಿಲ್ಲ. ಮೊದಲ ದಿನ ಅವಳ ಪ್ರಶ್ನೆಗೆ ತಿಣುಕಾಡಿಯಾದರೂ ಏನೋ ಒಂದು ಹೇಳಿದೆ. ಎರಡನೇ ದಿನ ರೇಗಿದೆ. ಮೂರನೇ ದಿನ ನನ್ನ ಮಂಡಿ ನೋಯುತ್ತಿತ್ತು, ಒದ್ದೆ ನೆಲದಲ್ಲಿ ಬಗ್ಗಿ ಬಗ್ಗಿ ಸೊಂಟ ಹಿಡಿದಿತ್ತು. ಆ ದಿನ ಅವಳು ಕೇಳಿದ್ದಕ್ಕೆಲ್ಲ ಹೌದು, ಸರಿಯಾಗಿದೆ, ಚೆನ್ನಾಗಿದೆ ಎಂದೆ. ಕೆಲವು ಸಲ ಕಿಂಡಿಗೆ ಕಣ್ಣು ಹಚ್ಚಿದ ಹಾಗೆ ಮಾಡಿ, ಹಚ್ಚದೇ ಹೇಳಿದೆ.

ಹತ್ತು ದಿನ ಬಿಟ್ಟು ಆರ್ಕಿಟೆಕ್ಟ್ ತಾವೇ ನಮ್ಮ ಮನೆಗೆ ಬಂದರು. ಫೋನಿನಲ್ಲಿ ಹೇಳಲಾಗದ್ದನ್ನು ಎದುರಿಗೆ ಹೇಳಲು ಬಂದವರು ಹೇಗೆ ಕೂರುತ್ತಾರೋ ಹಾಗೆ ಕುರ್ಚಿಯ ತುದಿಯಲ್ಲಿ ಕೂತರು. ಬೆಳಕಿನ ಬಗ್ಗೆ ಮಾತಾಡಿದರು, ನೀರಿನ ಬಣ್ಣದ ಬಗ್ಗೆ ಮಾತಾಡಿದರು. ನೇರ ಹೇಳಿ ಎಂದಳು ಇವಳು.

‘ಎಲ್ಲ ಗೆರೆನೂ ನೆಟ್ಟಗಿವೆ’ ಎಂದರು ಅವರು. ‘ಅಳತೆ ಹಿಡಿದು ನೋಡಿದ್ರೂ ತಪ್ಪಿಲ್ಲ. ಆದ್ರೆ ಯಾವ್ದೂ ಎಲ್ಲಿಗೂ ಕರ್ಕೊಂಡು ಹೋಗ್ತಿಲ್ಲ. ನೀವು ತೆಗೆದಿದ್ದು ಅಂತ ನನಗೆ ನಂಬೋಕಾಗ್ಲಿಲ್ಲ, ಅದಕ್ಕೇ ಬಂದೆ.’

ಆಗ ಅವಳು ಹೇಳಿದಳು. ಒಂದೊಂದಾಗಿ, ಕಂಬದಿಂದ ಶುರುಮಾಡಿ; ಕಂಬದ ಇನ್ನರ್ಧ ಕತೆ ನಾನು ಕೇಳಿದ್ದೂ ಆಗಲೇ. ಅವರು ತಲೆ ತಗ್ಗಿಸಿಕೊಂಡು ಕೇಳಿದರು. ಕೊನೆಗೆ ಅವಳೇ, ನನ್ನ ಕ್ಲಾಸಿನ ನರ್ಸಮ್ಮನನ್ನು ಕರೆಸಿ, ಅವಳು ತೆಗೆಯುತ್ತಾಳೆ ಎಂದಳು. ಅವರು ಬೇಡವೆನ್ನುತ್ತಾರೇನೋ ಎಂದು ಒಂದು ಕ್ಷಣ ಕಾದಳು. ಅವರು ನರ್ಸಿನ ಫೋನ್ ನಂಬರು ಬರೆದುಕೊಂಡರು.

ನರ್ಸು ಆ ಫೋಟೋಗಳನ್ನು ತೆಗೆದಳು. ಬಹಳ ಚೆನ್ನಾಗಿ ಬಂದವಂತೆ, ಕಟ್ಟಡಗಳ ಪತ್ರಿಕೆಯೊಂದರಲ್ಲಿ ಎರಡು ಪುಟದ ತುಂಬ ಹಾಕಿದರು. ಅವಳೇ ಪತ್ರಿಕೆ ಹಿಡಿದುಕೊಂಡು ಮನೆಗೆ ಬಂದಳು. ಅಷ್ಟು ಹೊತ್ತಿಗೆ ಎಡಗಣ್ಣಿನ ಗುರುತು ಹೆಸರುಕಾಳಿನಿಂದ ಕೋಟಿನ ಗುಂಡಿಯಷ್ಟಾಗಿ, ಆಮೇಲೆ ಅದಕ್ಕಿಂತ ದೊಡ್ಡದಾಗಿತ್ತು. ಹೆಂಡತಿ ಪುಟವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಕಿಟಕಿಯ ಕಡೆ ತಿರುಗಿದಳು. ನನ್ನ ಕೈಗೆ ಕೊಟ್ಟು, ‘ಹೇಳಿ’ ಅಂದಳು.

ನಾನು ನಿಧಾನವಾಗಿ, ನಿಜವಾಗಿಯೂ ನೋಡಿದೆ. ನೀರಿದೆ, ಹಗ್ಗಗಳಿವೆ ಎಂದೆ. ಒಂದು ಹಗ್ಗ ಕೆಳಗಿನ ಮೂಲೆಯಿಂದ ಹೊರಟಿದೆ, ಉಳಿದವೂ ಅದರ ಜೊತೆಗೇ ಹೋಗುತ್ತವೆ. ತುದಿಯಲ್ಲಿ ನೆಲ ಒರೆಸುವವಳೊಬ್ಬಳು ಬಗ್ಗಿದ್ದಾಳೆ. ಅಷ್ಟು ಹೇಳಿ ಮುಂದೆ ಏನು ಹೇಳುವುದೆಂದು ತಿಳಿಯಲಿಲ್ಲ. ಆ ಫೋಟೋ ನೋಡಿದ ಕೂಡಲೇ ನನ್ನೊಳಗೆ ಏನೋ ಆಯಿತು. ಅದು ಏನು, ಯಾಕೆ ಎಂದು ಹೇಳುವಷ್ಟು ಮಾತು ನನ್ನ ಹತ್ತಿರ ಇರಲಿಲ್ಲ.

‘ಅವಳು ಯಾವ ಕಡೆ ಬಗ್ಗಿದಾಳೆ? ಗೆರೆ ಬರೋ ಕಡೆಗೋ, ಹೋಗೋ ಕಡೆಗೋ?’

‘ಅದು... ಈ ಕಡೆಗೆ.’

‘ಸಾಕು ಬಿಡಿ’ ಅಂದಳು. ನರ್ಸಿನ ಕಡೆ ತಿರುಗಿ, ಚೆನ್ನಾಗಿದೆಯಮ್ಮ ಎಂದಳು. ನರ್ಸಿಗೆ ಅದು ಬೇಕಾಗಿರಲಿಲ್ಲ. ತಪ್ಪು ತೋರಿಸಿ ಬೈಯಲಿ ಎಂದು ಬಂದಿದ್ದಳು. ಅವಳನ್ನು ಬಿಟ್ಟುಬರಲು ನಾನು ಮೆಟ್ಟಿಲಿಳಿದೆ. ‘ನಾನು ಆವತ್ತು ಸುಳಿ ಇಲ್ಲ ಅಂತ ಕ್ಲಾಸಲ್ಲೇ ಹೇಳ್ಬೇಕಿತ್ತಾ ಅಣ್ಣ?’ ಎಂದು ಕೇಳಿದಳು. ಭಾನುವಾರಕ್ಕೂ ಮಂಗಳವಾರಕ್ಕೂ ನಡುವಿನ ಎರಡು ದಿನದಲ್ಲಿ ಏನೂ ಬದಲಾಗುತ್ತಿರಲಿಲ್ಲ ಎಂದೆ. ಅದು ನಿಜವೂ ಹೌದು. ಆದರೆ ಏಳು ತಿಂಗಳ ಲೆಕ್ಕ ಗೊತ್ತಿದ್ದವನು ಹೇಳುವ ಸಮಾಧಾನ ಅದು, ಅವಳಿಗೆ ತಟ್ಟಲಿಲ್ಲ.

ಭಾನುವಾರದ ಪಾಠ ನಿಂತಿತು. ಕೊನೆಯ ದಿನ ಅವಳು ಗೆರೆಯ ಬಗ್ಗೆ ಮಾತಾಡುವಳೆಂದು ಎಲ್ಲರೂ ಬಂದಿದ್ದರು, ಹಳೆಯ ವಿದ್ಯಾರ್ಥಿಗಳೂ ಕೂಡ. ಕೋಣೆಯ ಬೀಗದ ಕೈ ಯಾರಿಗೆ ಕೊಡಬೇಕು, ಕುರ್ಚಿಗಳಲ್ಲಿ ಎಷ್ಟು ತನ್ನವು, ಎಷ್ಟು ಛಾಪಖಾನೆಯವು ಎಂದಷ್ಟೇ ಹೇಳಿ ಬಂದುಬಿಟ್ಟಳು. ಅಂಗಡಿಯಲ್ಲಿದ್ದ ಆಸ್ಪತ್ರೆ ಓಣಿಯ ಫೋಟೋವನ್ನು ತೆಗೆಸಿದಳು. ಯಾರೋ ಬಂದು ಅದರ ಬಗ್ಗೆ ಕೇಳುತ್ತಾರೆ, ಕೇಳಿಸಿಕೊಂಡು ಕೂರಲು ತನ್ನಿಂದಾಗದು ಎಂದಳು. ಗೋಡೆಯಲ್ಲಿ ಮೊಳೆ ಮಾತ್ರ ಉಳಿದಿದೆ. ಅದಕ್ಕೆ ಟೇಪು ನೇತುಹಾಕುತ್ತೇನೆ.

ಹೋದ ತಿಂಗಳು ಡಾಕ್ಟರು ಇನ್ನು ಸೂಜಿ ಬೇಡ ಎಂದಳು. ಪೂರ್ತಿ ಕತ್ತಲಾಗುವುದಿಲ್ಲವಂತೆ. ಸುತ್ತಲಿನದು ಕಾಣುತ್ತಿರುತ್ತದೆ, ನಡುವಿನದು ಬರುವುದಿಲ್ಲ. ಬಾಗಿಲು ಕಾಣುತ್ತದೆ, ಬಾಗಿಲಲ್ಲಿ ನಿಂತವರ ಮುಖ ಕಾಣುವುದಿಲ್ಲ. ಆರು ತಿಂಗಳಿಗೊಮ್ಮೆ ಬನ್ನಿ ಎಂದಳು.

ಈಗ ಹಗಲೆಲ್ಲ ಅಂಗಡಿಯಲ್ಲೇ ನನ್ನ ಜೊತೆ ಕೂರುತ್ತಾಳೆ. ಬೆರಳಿನಲ್ಲಿ ತಡವಿ ಗುಂಡಿಗಳನ್ನು ಗಾತ್ರದ ಪ್ರಕಾರ ಡಬ್ಬಿಗೆ ಹಾಕುತ್ತಾಳೆ. ತಪ್ಪಿದರೆ ನಾನು ಅವಳು ಮೇಲೆ ಹೋದಾಗ ಸರಿಮಾಡುತ್ತೇನೆ. ಅವಳಿಗೆ ಅದು ಗೊತ್ತೆಂದೂ ನನಗೆ ಗೊತ್ತು. ನಿನ್ನೆ ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಎಷ್ಟೋ ದಿನದಿಂದ ಹೇಳಬೇಕೆಂದಿದ್ದದ್ದನ್ನು ಹೇಳಿಬಿಟ್ಟೆ. ಈಜುಕೊಳದಲ್ಲಿ ಮೂರನೇ ದಿನ ನಾನು ಸರಿಯಾಗಿ ನೋಡಲಿಲ್ಲ, ಕೆಲವು ಸಲ ನೋಡಲೇ ಇಲ್ಲ ಎಂದೆ.

‘ಗೊತ್ತಿತ್ತು’ ಅಂದಳು.

‘ಹೇಗೆ?’

‘ನೀವು ಬೇಗ ಬೇಗ ಹೇಳ್ತಿದ್ರಿ. ನೋಡೋಕೆ ಅಷ್ಟು ಬೇಗ ಆಗಲ್ಲ.’

‘ಮತ್ತೆ ಯಾಕೆ ಫೋಟೋ ತೆಗೆದೆ?’

ಗುಂಡಿಯೊಂದನ್ನು ಬೆರಳ ತುದಿಯಲ್ಲಿ ತಿರುಗಿಸುತ್ತಿದ್ದಳು. ‘ನಿಮಗೆ ಮಂಡಿ ನೋಯ್ತಿತ್ತು. ಮೊದಲ ದಿನ ನೀವು ಸರಿಯಾಗಿ ನೋಡಿ ಹೇಳಿದ್ರೂ ನನಗೆ ಉಪಯೋಗ ಆಗಿರ್ಲಿಲ್ಲ. ಇದು ಇನ್ನು ನನ್ನಿಂದ ಆಗಲ್ಲ ಅಂತ ಆಗ್ಲೇ ಗೊತ್ತಾಗಿತ್ತು. ಮನೆಗೆ ಹೋಗೋಣ ಅನ್ನೋಕೆ ಬಾಯಿ ಬರ್ಲಿಲ್ಲ, ಅಷ್ಟೇ.’

ನಾನು ಮಿಷನ್ನಿನಿಂದ ಎದ್ದು ಅವಳೆದುರು ಹೋಗಿ ಕೂತೆ. ಅವಳು ತಲೆ ಎತ್ತಿ ನನ್ನ ಕಿವಿಯ ಆಚೆಗೆ, ಇಸ್ತ್ರಿ ಮಾಡಿಟ್ಟ ಬಟ್ಟೆಗಳ ಕಪಾಟಿನ ಕಡೆ ನೋಡಿದಳು. ನನ್ನ ಮುಖ ನೋಡಬೇಕೆಂದರೆ ಈಗ ಅವಳು ಹಾಗೆ ಪಕ್ಕಕ್ಕೆ ನೋಡಬೇಕು. ಆಗ ಕಣ್ಣಿನ ಅಂಚಿನಲ್ಲಿ ಸ್ವಲ್ಪ ಸಿಗುತ್ತದೆಯಂತೆ. ಮೊದಮೊದಲು ಯಾರೋ ಬಂದರೆಂದು ನಾನೂ ತಿರುಗಿ ನೋಡುತ್ತಿದ್ದೆ. ಈಗ ತಿರುಗುವುದಿಲ್ಲ. ಅಲ್ಲಾಡದೆ ಕೂತೆ. ಅವಳು ಬಹಳ ಹೊತ್ತು ಕಪಾಟನ್ನೇ ನೋಡುತ್ತಿದ್ದಳು. ನನ್ನ ಮುಖ ಎಷ್ಟು ಸಿಕ್ಕಿತೋ, ನಾನು ಕೇಳಲಿಲ್ಲ.